ಫಾರಂ ತುಂಬು ಮಾರಾಯ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಇಲ್ಲಿ ಅಮೆರಿಕದ ನಾಟಕದ ಕಾಲೇಜುಗಳಿಂದ ಮಗನಿಗೆ ಆಡಿಷನ್‌ಗೆ ಕರೆ ಬಂತು ಅಂತ ಓದಿ ತುಂಬಾ ಖುಷಿಯಾಯಿತು. ಆಡಿಷನ್‌ಗೆ ಕರೆಯುವ ಮೊದಲು ಅವರು ನೋಡುವ ಪ್ರೀಸ್ಕ್ರೀನ್ ವಿಡಿಯೋ ತೆಗೆಯುವಾಗ ಒಂದೇ ಮಾತನ್ನು ಇಪ್ಪತ್ತು ಸಲ ಹೇಳಿಸಿದೆ ಅಂತ ಬರೆದಿದ್ದೀಯ. ನಮ್ಮ ಮನೆಯಲ್ಲೂ ಅದೇ ಕಥೆ. ಕ್ಯಾಮೆರಾ ಹಿಡಿದು ನಿಂತಿದ್ದವನು ನಾನೇ. ಮಗಳು ಆ ನೃತ್ಯವನ್ನು ಮರೆತಿರಬಹುದು, ನನಗೆ ಇವತ್ತಿಗೂ ಬಾಯಿಪಾಠ.

ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, "ನಾವಿಬ್ಬರೂ ದುಡಿಯುತ್ತೇವೆ, ನಮಗೆಲ್ಲಿ ಕಾಲೇಜು ಖರ್ಚಿಗೆ ಏಡ್ ಕೊಡುತ್ತಾರೆ, ಆ ಫಾರಂ ಸುಮ್ನೆ ದಂಡ" ಅಂತ. ಈ ಉದ್ದನೆಯ ಪತ್ರ ಅದಕ್ಕಾಗಿಯೇ.

ಮೂರು ವರ್ಷದ ಹಿಂದೆ ನಾನೂ ಹೀಗೇ ಹೇಳಿದ್ದೆ. ಲೆಕ್ಕ ಹಾಕಿ ಹೇಳಿದ್ದಲ್ಲ. ಇನ್ನೊಬ್ಬರ ಮುಂದೆ ಸಂಬಳದ ಚೀಟಿ ಬಿಚ್ಚಿಡಲು ಮುಜುಗರ, ಅಷ್ಟೇ. ಮಗಳಿಗೆ ತುಂಬಾ ಇಷ್ಟವಾಗಿದ್ದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆಮೇಲೆ ಖರ್ಚಿನ ಹಾಳೆ ನೋಡಿ ಬೆವರಿದೆ. ಅವಸರದಲ್ಲಿ ಫಾರಂ ಕಳಿಸಿದಾಗ ಮಾರ್ಚ್ ಕೊನೆ. ಆ ಕಾಲೇಜಿನ ಗಡುವು ಫೆಬ್ರವರಿಯಲ್ಲೇ ಮುಗಿದಿತ್ತು. ಏಡ್ ಆಫೀಸಿನ ಹೆಂಗಸು ಬಹಳ ಮೆತ್ತಗೆ ಹೇಳಿದರು: ನಿಮ್ಮ ಮಗಳ ಹೆಸರನ್ನು ಗ್ರಾಂಟ್‌ಗೆ, ಅಂದರೆ ವಾಪಸ್ ಕಟ್ಟಬೇಕಿಲ್ಲದ ನೆರವಿಗೆ ಪರಿಗಣಿಸಬಹುದಿತ್ತು, ಈ ವರ್ಷದ ಹಣ ಹಂಚಿಯಾಗಿದೆ. ಬೈದಿದ್ದರೆ ವಾಸಿ ಇತ್ತು. ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವಳದ್ದೇನು ತಪ್ಪು ಹೇಳು.

ಹಾಗಾಗಿ ಮೊದಲು ಫ್ಯಾಫ್ಸಾ, ನೀನು ದಂಡ ಅಂದ ಏಡ್ ಅರ್ಜಿ. ಅಮೆರಿಕ ಸರ್ಕಾರದ ಈ ಅರ್ಜಿಗೆ ಶುಲ್ಕವಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಬೇರೆ ಯಾರದ್ದೋ ಅಂಗಡಿ ಅಂತ ತಿಳಿ. ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ತೆರೆಯುತ್ತದೆ. ನಾನು ತುಂಬಿದಾಗ ನೂರಕ್ಕೂ ಜಾಸ್ತಿ ಪ್ರಶ್ನೆಗಳಿದ್ದವು. 2024-25ರ ಸಾಲಿನಿಂದ ಫಾರಂ ಬದಲಾಗಿದೆ, ಈಗ ಅದರ ಅರ್ಧವೂ ಇಲ್ಲ. ಆದಾಯದ ವಿವರ ತೆರಿಗೆ ಇಲಾಖೆಯಿಂದಲೇ ಬಂದು ಕೂರುತ್ತದೆ. ಅದಕ್ಕೆ ನೀವು ಒಪ್ಪಿಗೆ ಕೊಡಬೇಕು. ಸರ್ಕಾರದ ವೆಬ್‌ಸೈಟಿನಲ್ಲಿ ಮಗನಿಗೊಂದು ಖಾತೆ, ನಿಮಗೊಂದು ಖಾತೆ. ಗಂಡ ಹೆಂಡತಿ ಒಟ್ಟಿಗೆ ಟ್ಯಾಕ್ಸ್ ಫೈಲ್ ಮಾಡುವವರಾದರೆ ಇಬ್ಬರಲ್ಲಿ ಒಬ್ಬರದು ಸಾಕು. ಆ ಖಾತೆಯನ್ನು ಈ ವಾರವೇ ಮಾಡಿಕೋ. ಗುರುತು ತಾಳೆ ನೋಡುವ ಹಂತದಲ್ಲಿ ಕೆಲವೊಮ್ಮೆ ದಿನಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನೊಂದು ವಿಚಾರ. 2026ರಲ್ಲಿ ಸೇರುವವರಿಗೆ ಅವರು ನೋಡುವುದು 2024ರ ಆದಾಯ. ಆ ವರ್ಷ ನಿನಗೆ ಬೋನಸ್ ಬಂದಿತ್ತು, ನಿನ್ನ ಹೆಂಡತಿ ಇನ್ನೂ ಹಳೇ ಕೆಲಸದಲ್ಲಿದ್ದಳು. ಈಗ ಅವಳ ಸಂಬಳ ಅರ್ಧವಾಗಿದೆ. ಫಾರಂನಲ್ಲಿ ಇದನ್ನು ಹೇಳಲು ಜಾಗವೇ ಇಲ್ಲ. ಇದ್ದದ್ದನ್ನು ಇದ್ದಹಾಗೆ ತುಂಬಿ, ಆಮೇಲೆ ಪ್ರತಿ ಕಾಲೇಜಿನ ಏಡ್ ಆಫೀಸಿಗೂ ಬೇರೆಯಾಗಿ ಬರೆ. ಕೆಲಸ ಬದಲಾದ ಪತ್ರ, ಹೊಸ ಸಂಬಳದ ಚೀಟಿ ಜೊತೆಗಿಡು. ಪರಿಸ್ಥಿತಿ ನೋಡಿ ಲೆಕ್ಕ ತಿದ್ದುವ ಅಧಿಕಾರ ಕಾನೂನಿನಲ್ಲೇ ಅವರಿಗಿದೆ. ಅದನ್ನು 'ಪ್ರೊಫೆಷನಲ್ ಜಡ್ಜ್‌ಮೆಂಟ್' ಅನ್ನುತ್ತಾರೆ. ಆ ಪದ ಬಳಸಿಯೇ ಕೇಳು, ಕೆಲಸ ಬೇಗ ಆಗುತ್ತದೆ.

ಗ್ರೀನ್ ಕಾರ್ಡ್ ಸಾಕಾ ಅಂತ ಕೇಳಿದ್ದೀಯಲ್ಲ. ಸಾಕು. ಆದರೆ ಅಪ್ಪ ಅಮ್ಮನ ಕೆಲಸದ ವೀಸಾದ ಮೇಲೆ ಬರುವ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಸರ್ಕಾರದ ಹಣ ಸಿಗುವುದಿಲ್ಲ. ಅವರು ಕಾಲೇಜಿನ ಸ್ವಂತ ಹಣವನ್ನೇ ನೆಚ್ಚಿಕೊಳ್ಳಬೇಕು.

ಸರ್ಕಾರದ ಪೆಲ್ ಗ್ರಾಂಟ್ ನಿಮಗೆ ಬರುವುದು ಅನುಮಾನ. ಅದು ಕಡಿಮೆ ಆದಾಯದವರಿಗೆ, ಪೂರ್ತಿ ಸಿಕ್ಕರೂ ವರ್ಷಕ್ಕೆ 7,395 ಡಾಲರ್. ಹಾಗಾದರೆ ಫಾರಂ ಯಾಕೆ ಅಂತೀಯ? ಕಾಲೇಜು ತನ್ನ ಜೇಬಿನಿಂದ ಕೊಡುವ ಗ್ರಾಂಟ್‌ಗೂ ಇದೇ ಫಾರಂ ಬೇಕು. ಕೆಲವು ಕಡೆ ಆಡಿಷನ್ ನೋಡಿ ಕೊಡುವ ಸ್ಕಾಲರ್‌ಶಿಪ್‌ಗೂ ಇದನ್ನೇ ಕೇಳುತ್ತಾರೆ. ಆಮೇಲೆ ಕೆಲವು ಕಾಲೇಜುಗಳಿಗೆ ಸಿ.ಎಸ್.ಎಸ್. ಪ್ರೊಫೈಲ್ ಅಂತ ಇನ್ನೊಂದು ಅರ್ಜಿ ಬೇರೆ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಒಂದೊಂದಕ್ಕೆ 16. ಅದು ಮನೆಯ ಬೆಲೆ ಕೂಡ ಕೇಳುತ್ತದೆ, ಫ್ಯಾಫ್ಸಾ ಕೇಳುವುದಿಲ್ಲ. ತುಂಬಿ ಮುಗಿಸುವ ಹೊತ್ತಿಗೆ ನನ್ನ ಬಗ್ಗೆ ನನಗಿಂತ ಜಾಸ್ತಿ ಅದಕ್ಕೇ ಗೊತ್ತಿತ್ತು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಎಂಜಿನಿಯರಿಂಗ್ ಓದುವ ಮಕ್ಕಳ ಅಪ್ಪಂದಿರಿಗೆ ಈ ತಲೆನೋವು ಇಲ್ಲ.

ನಾಟಕ, ನೃತ್ಯ, ಸಂಗೀತದ ಕಾಲೇಜುಗಳಲ್ಲಿ ಒಂದಷ್ಟು ಹಣ ಆಡಿಷನ್ ನೋಡಿ ಕೊಡುವಂಥದ್ದು. ಮನೆಯ ಆದಾಯಕ್ಕೂ ಅದಕ್ಕೂ ಸಂಬಂಧ ಕಡಿಮೆ. ಚೆನ್ನಾಗಿ ಮಾಡಿದವರಿಗೆ ಜಾಸ್ತಿ ಕೊಡುತ್ತಾರೆ ಅಂತ ನಾನು ನಂಬಿದ್ದೆ. ಪೂರ್ತಿ ನಿಜ ಅಲ್ಲ. ಅವರು ಒಬ್ಬೊಬ್ಬರಿಗೂ ಅಂಕ ಕೊಟ್ಟು ಸಾಲು ನಿಲ್ಲಿಸುತ್ತಿಲ್ಲ, ಒಂದು ತಂಡ ಕಟ್ಟುತ್ತಿದ್ದಾರೆ. ಆರ್ಕೆಸ್ಟ್ರಾದಲ್ಲಿ ಬಸೂನ್ ಅನ್ನುವ ಉದ್ದನೆಯ ಊದುವ ವಾದ್ಯ ನುಡಿಸುವ ಇಬ್ಬರು ಈ ವರ್ಷ ಓದು ಮುಗಿಸಿ ಹೊರಟರೆ, ಬಸೂನ್ ಹಿಡಿದು ಬಂದವನಿಗೆ ಕೆಂಪು ಹಾಸು. ಅದೇ ದಿನ ಅವನಿಗಿಂತ ಚೆನ್ನಾಗಿ ಕೊಳಲು ನುಡಿಸಿದ ಹುಡುಗಿಗೆ ಬರೀ ಸೀಟು, ಯಾಕೆಂದರೆ ಕೊಳಲಿನವರ ಸಾಲು ಬಾಗಿಲ ತನಕ ಇದೆ. ಹಾಡುವವರಲ್ಲಿ ಒಳ್ಳೆಯ ಟೆನರ್, ಅಂದರೆ ಗಂಡಸರ ಎತ್ತರದ ದನಿಗೆ ಯಾವಾಗಲೂ ಬೇಡಿಕೆ. ನೃತ್ಯದಲ್ಲಿ ಹುಡುಗರು ಕಡಿಮೆ, ಅಲ್ಲಿ ಅವರಿಗೆ ಗಿರಾಕಿ ಜಾಸ್ತಿ. ನಿನ್ನ ಮಗ ನಟ. ಯಾವ ಕಾಲೇಜಿಗೆ ಅವನಂಥವನು ಬೇಕಾಗಿದ್ದಾನೋ ಹೊರಗೆ ನಿಂತ ನಮಗೆ ಗೊತ್ತಾಗುವುದಿಲ್ಲ. ನನ್ನ ಮಗಳಿಗೆ ಎರಡು ಕಾಲೇಜುಗಳು ಕೊಟ್ಟ ಹಣದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ ಇತ್ತು. ಹುಡುಗಿ ಒಬ್ಬಳೇ, ನೃತ್ಯವೂ ಒಂದೇ.

ಆದ್ದರಿಂದ ಕಡಿಮೆ ಹಣ ಬಂದರೆ ಅವನ ನಟನೆಗೆ ಅಷ್ಟೇ ಬೆಲೆ ಅಂತ ಅವನು ಅಂದುಕೊಳ್ಳದ ಹಾಗೆ ನೋಡಿಕೋ. ಈ ಮಾತನ್ನು ಆಡಿಷನ್‌ಗೆ ಮೊದಲೇ ಹೇಳು, ಆಮೇಲೆ ಹೇಳಿದರೆ ಸಮಾಧಾನ ಹೇಳಿದ ಹಾಗೆ ಕೇಳಿಸುತ್ತದೆ. ಮನೆಯಿಂದ ವರ್ಷಕ್ಕೆ ಎಷ್ಟು ಕೊಡಬಲ್ಲಿರಿ ಅನ್ನುವ ಅಂಕಿಯನ್ನೂ ಈಗಲೇ ಹೇಳಿಬಿಡು. ಹದಿನೇಳು ವರ್ಷದ ಹುಡುಗ, ಅರ್ಥವಾಗುತ್ತದೆ. ನಾನು ಹೇಳಿರಲಿಲ್ಲ. ಮಗಳು ಕಾಲೇಜಿನ ಹೆಸರಿದ್ದ ಟೀ ಶರ್ಟ್ ಹಾಕಿಕೊಂಡು ಓಡಾಡುವಾಗ ನಾನು ರೂಮಿನಲ್ಲಿ ಕೂತು ಕ್ಯಾಲ್ಕುಲೇಟರ್ ಒತ್ತುತ್ತಿದ್ದೆ.

ಏಡ್ ಪತ್ರ ಬಂದಾಗ ಮೊದಲ ಪುಟದ ದೊಡ್ಡ ಮೊತ್ತ ನೋಡಿ ಕುಣಿಯಬೇಡ. ಅದರಲ್ಲಿ ಸಾಲವನ್ನೂ ಸೇರಿಸಿ ಕೂಡಿರುತ್ತಾರೆ! ನನಗೆ ಇವತ್ತಿಗೂ ಕೋಪ ಬರುವ ವಿಷಯ ಇದು. ಒಂದು ಪೆನ್ಸಿಲ್ ತಗೊಂಡು ಸಾಲದ ಸಾಲುಗಳನ್ನೆಲ್ಲ ಹೊಡೆದುಹಾಕು. ಮೊದಲ ವರ್ಷ ವಿದ್ಯಾರ್ಥಿ ಹೆಸರಿನಲ್ಲಿ ಸರ್ಕಾರದ ಸಾಲ ಹೆಚ್ಚೆಂದರೆ 5,500 ಡಾಲರ್. ಅದು ತೀರಾ ಅಪಾಯದ್ದಲ್ಲ. ಆದರೆ ಪೇರೆಂಟ್ ಪ್ಲಸ್ ಅಂತ ನಮ್ಮ ಹೆಸರಿನಲ್ಲಿ ಇನ್ನೊಂದು ಇದೆ. ನನ್ನ ಮಗಳು ಸೇರಿದಾಗ ಕಾಲೇಜಿನ ಪೂರ್ತಿ ಖರ್ಚಿನಷ್ಟೂ ಎತ್ತಬಹುದಿತ್ತು. 2026ರ ಜುಲೈ 1ರಿಂದ ಹೊಸದಾಗಿ ತಗೊಳ್ಳುವವರಿಗೆ ಒಬ್ಬ ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿ ಹಾಕಿದ್ದಾರೆ. ಮಿತಿ ಇದೆ ಅಂತ ಅಲ್ಲಿಯ ತನಕ ಹೋಗಬೇಕಿಲ್ಲ. ನಟನಾಗಿ ಹೊರಬರುವ ಹುಡುಗನಿಗೆ ಮೊದಲ ವರ್ಷಗಳಲ್ಲಿ ಕೈಯಲ್ಲಿರುವುದು ಆಡಿಷನ್‌ಗಳೇ, ಸಂಬಳ ಅಲ್ಲ. ಸಾಲದ ಕಂತು ತೀರಿಸಲು ಅವನು ಎಂಟು ಗಂಟೆಯ ಕೆಲಸ ಹಿಡಿದರೆ ಆಡಿಷನ್‌ಗೆ ಹೋಗುವವರು ಯಾರು?

ವರ್ಕ್ ಸ್ಟಡಿ ಅಂತ ಒಂದು ಸಾಲು ಕಾಣುತ್ತದೆ. ಅದು ಫೀಸಿನಲ್ಲಿ ಕಳೆಯುವ ಹಣ ಅಲ್ಲ, ದುಡಿದ ಮೇಲೆ ಬರುವ ಸಂಬಳ. ಸಂಜೆಯೆಲ್ಲ ರಿಹರ್ಸಲ್ ಇರುವ ಮಕ್ಕಳಿಗೆ ಲೈಬ್ರರಿ ಕೆಲಸ ಹೊಂದುವುದಿಲ್ಲ. ಥಿಯೇಟರಿನ ಒಳಗೇ ಕೆಲಸ ಇದೆಯಾ ಕೇಳಿ ನೋಡು. ನನ್ನ ಮಗಳು ಕಾಸ್ಟ್ಯೂಮ್ ವಿಭಾಗದಲ್ಲಿ ಲಂಗಗಳಿಗೆ ಅಂಚು ಹೊಲಿಯುತ್ತಾಳೆ. ಮನೆಯಲ್ಲಿ ಒಂದು ಗುಂಡಿ ಹಾಕಿದವಳಲ್ಲ.

ಸ್ಕಾಲರ್‌ಶಿಪ್ ಬಂದರೆ ಷರತ್ತು ಓದು. ನಾಲ್ಕೂ ವರ್ಷಕ್ಕಾ? ಫೀಸು ಏರಿದಂತೆ ಅದೂ ಏರುತ್ತದಾ? ಬಹಳ ಕಡೆ ಏರುವುದಿಲ್ಲ. ನಟನೆ ಬಿಟ್ಟು ನಿರ್ದೇಶನಕ್ಕೆ ಹೋದರೆ ಹಣ ಉಳಿಯುತ್ತದಾ? ಒಂದು ಸೆಮಿಸ್ಟರ್ ಬಿಟ್ಟು ವೃತ್ತಿ ತಂಡದ ಜೊತೆ ಟೂರ್ ಹೋದರೆ? ಈ ಕೊನೆಯದನ್ನು ಖಂಡಿತ ಕೇಳು. ಹೊರಗಿನ ಸಂಘ ಸಂಸ್ಥೆಯ ಸ್ಕಾಲರ್‌ಶಿಪ್ ಬಂದಾಗ ತಮ್ಮ ಗ್ರಾಂಟ್ ಅಷ್ಟೇ ಕಡಿತ ಮಾಡುವ ಕಾಲೇಜುಗಳೂ ಇವೆ. ಇನ್ನೊಂದು, ಊಟ ವಸತಿಗೆ ಹೋಗುವ ಸ್ಕಾಲರ್‌ಶಿಪ್ ಹಣ ತೆರಿಗೆ ಲೆಕ್ಕದಲ್ಲಿ ಆದಾಯ. ಟ್ಯೂಷನ್‌ಗೆ, ಅಂದರೆ ಕಾಲೇಜಿನ ಪಾಠದ ಫೀಸಿಗೆ ಹೋದರೆ ಅಲ್ಲ.

ಫೀಸೇ ಇಲ್ಲದ ಕಾಲೇಜು ಇಲ್ವಾ ಅಂತ ನಿನ್ನ ಮಗ ಕೇಳಿದನಂತೆ. ಇವೆ, ಬೆರಳೆಣಿಕೆಯಷ್ಟು. ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆ 1928ರಿಂದ ಯಾರ ಹತ್ತಿರವೂ ಟ್ಯೂಷನ್ ತಗೊಂಡಿಲ್ಲ, ಆದರೆ ಅದು ಸಂಗೀತದ್ದು. ನಟರಿಗೆ ಯೇಲ್ ವಿಶ್ವವಿದ್ಯಾಲಯದ ಡ್ರಾಮಾ ಸ್ಕೂಲ್ ಇದೆ. 2021ರಲ್ಲಿ ಹಾಲಿವುಡ್ ನಿರ್ಮಾಪಕ ಡೇವಿಡ್ ಗೆಫೆನ್ 15 ಕೋಟಿ ಡಾಲರ್ ಕೊಟ್ಟ ಮೇಲೆ ಅಲ್ಲೂ ಟ್ಯೂಷನ್ ಇಲ್ಲ. ಅಲ್ಲಿಗೆ ಹೆಚ್ಚಾಗಿ ಡಿಗ್ರಿ ಮುಗಿಸಿ ಹೋಗುತ್ತಾರೆ. ಈಗ ಜಾಸ್ತಿ ಸಾಲ ಮಾಡದಿರಲು ಇದೂ ಒಂದು ಕಾರಣ ಅಂತ ಅವನಿಗೆ ಹೇಳು.

ಎಲ್ಲ ಪತ್ರಗಳೂ ಬಂದ ಮೇಲೆ, ಅವನ ಮನಸ್ಸಿರುವ ಕಾಲೇಜು ಕಡಿಮೆ ಕೊಟ್ಟಿದ್ದರೆ ಮತ್ತೆ ಬರೆ. ಇನ್ನೊಂದು ಕಾಲೇಜಿನ ಪತ್ರದ ಪ್ರತಿ ಕಳಿಸು. ಜಗಳದ ದನಿ ಬೇಡ. ಬರಬೇಕು ಅಂತ ಆಸೆ ಇದೆ, ಇಷ್ಟು ಕಡಿಮೆ ಬೀಳುತ್ತಿದೆ ಅಂತ ಎರಡು ಸಾಲು ಸಾಕು. ಬಹಳ ಕಡೆ ಮೇ 1ರೊಳಗೆ ಒಪ್ಪಿಗೆ ಹೇಳಬೇಕು, ಅದಕ್ಕೆ ಏಪ್ರಿಲ್ ಶುರುವಿನಲ್ಲೇ ಬರೆ. ನಾನು ಎರಡನೇ ವರ್ಷ ಹೀಗೆ ಬರೆದೆ. ಕೈ ನಡುಗುತ್ತಿತ್ತು, ನಗಬೇಡ. ಹತ್ತು ದಿನಕ್ಕೆ ಉತ್ತರ ಬಂತು, 3,000 ಡಾಲರ್ ಸೇರಿಸಿದ್ದರು.

ಭಾನುವಾರ ಸಂಜೆ ಫೋನ್ ಮಾಡು. 2024ರ ಟ್ಯಾಕ್ಸ್ ಕಾಗದ, ಬ್ಯಾಂಕಿನ ಲೆಕ್ಕ, ಎಲ್ಲರ ಸೋಷಿಯಲ್ ಸೆಕ್ಯುರಿಟಿ ನಂಬರ್ ಎದುರಿಗಿಟ್ಟುಕೊಂಡು ಕೂರು. ನಂಬರ್ ನನಗೆ ಓದಿ ಹೇಳಬೇಡ, ನೀನೇ ಟೈಪ್ ಮಾಡು. ಎಲ್ಲಿ ಸಿಕ್ಕಿಕೊಳ್ಳುತ್ತೀಯೋ ಅಲ್ಲಿ ನಾನಿರುತ್ತೇನೆ. ಮುಗಿದ ಮೇಲೆ ಮಗನ ಕೈಗೆ ಫೋನ್ ಕೊಡು, ಆ ಇಪ್ಪತ್ತು ಸಲ ಹೇಳಿದ ಮಾತನ್ನು ನಾನೂ ಒಂದು ಸಲ ಕೇಳಬೇಕು.

ನಿನ್ನ,
ಹಳೇ ಗೆಳೆಯ