ಮೀಸೆಗೆ, ಪಾಲಿಶ್‌ಗೆ ಕೊಟ್ಟ ಶೆಲ್ಫಿನ ವಿಚಾರವಾಗಿ

ಲೋ ಮೀಸೆ,

ಫೋನ್ ಮಾಡಿದರೆ ನೀನು ಮಧ್ಯೆ ಬಾಯಿ ಹಾಕ್ತೀಯ, ಅದಕ್ಕೇ ಪತ್ರ. ಎಲ್ಲರೂ ಓದೋ ಜಾಗದಲ್ಲಿ ಯಾಕೆ ಅಂತೀಯಾ? ನಾಲ್ಕು ಜನರ ಮುಂದೆ ನೀನು ಬೈಯೋದು ಕಡಿಮೆ. ಸೈಕಲ್ ಚೈನಿನ ಪ್ರಕರಣದಲ್ಲೇ ಅದು ಸಾಬೀತಾಗಿದೆ.

ನಿನ್ನ ಪುಸ್ತಕದ ಶೆಲ್ಫ್ ಮುಗೀತು. "ಪಾಲಿಶ್‌ಗೆ ಕೊಟ್ಟಿದ್ದೀನಿ" ಅಂತ 14 ತಿಂಗಳಿಂದ ಹೇಳ್ತಿದ್ದೆನಲ್ಲ, ಅದು ಎಲ್ಲಿಗೂ ಹೋಗಿರಲಿಲ್ಲ. ಆಚಾರ್ರು ಕೂಡಿಸಿ ಕೊಟ್ಟ ದಿನದಿಂದ ನಮ್ಮ ಬಾಲ್ಕನಿಯಲ್ಲೇ ಬೆತ್ತಲೆ ನಿಂತಿತ್ತು. ಪ್ಯಾಕಿಂಗ್ ಮರ, ಪೈನು. ಯಾವುದೋ ದೇಶದಿಂದ ಮೆಷೀನು ಹೊತ್ತುಕೊಂಡು ಬಂದ ಪೆಟ್ಟಿಗೆ ಒಡೆದ ಹಲಗೆ. ಕೆಳಗಿನ ಹಲಗೆಯ ಅಡಿಯಲ್ಲಿ ‘ಎಚ್‌ಟಿ’ ಅನ್ನೋ ಮುದ್ರೆ ಇದೆ. ಹುಳ ಸಾಯಲಿ ಅಂತ ಮರದ ತಿರುಳಿಗೂ 56 ಡಿಗ್ರಿ ಮುಟ್ಟೋ ಹಾಗೆ ಅರ್ಧ ಗಂಟೆ ಬೇಯಿಸಿದ್ದಕ್ಕೆ ಗುರುತು. ಅದನ್ನ ಉಜ್ಜಿ ಅಳಿಸಲಿಲ್ಲ. ಅಷ್ಟು ಬೆಂದು ಬಂದದ್ದಕ್ಕೆ ಒಂದು ಸರ್ಟಿಫಿಕೇಟಾದರೂ ಇರಲಿ.

ಹೋದ ತಿಂಗಳು ಉಪ್ಪುಕಾಗದ ಹಿಡಿದು ಕೂತೆ. ಮೊದಲು ಒರಟಾದ 80 ನಂಬರಿಂದು, ಆಮೇಲೆ 120, ಕೊನೆಗೆ ನಯವಾದ 220. ಎಳೆ ಹೋದ ಕಡೆಗೇ ಉಜ್ಜಬೇಕು, ಅಡ್ಡ ಉಜ್ಜಿದರೆ ಬೀಳೋ ಗೀರು ಬಣ್ಣ ಬಿದ್ದಮೇಲೂ ಎದ್ದು ಕಾಣುತ್ತೆ. ನುಣ್ಣಗಾಯಿತು ಅಂತ ಬೀಗೋ ಹೊತ್ತಿಗೆ ಪೇಂಟ್ ಅಂಗಡಿಯವರು ಹೇಳಿದ್ದು ನೆನಪಾಗಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒಣಗಿದ ಮೇಲೆ ಕೈ ಆಡಿಸಿದರೆ ಎರಡು ದಿನದ ಗಡ್ಡ! ನೀರು ಕುಡಿದು ನಾರೆಲ್ಲ ಎದ್ದು ನಿಂತಿತ್ತು. ಮತ್ತೆ 220.

ಪಕ್ಕದ ಹಲಗೆ ಮೇಲೆ ಅಂಗೈಯಗಲ ಎಣ್ಣೆ ಕಲೆ. ದಿನಾ ಸಂಜೆ ಅಲ್ಲಿಗೆ ತಲೆ ಆನಿಸಿ ಫೋನ್ ನೋಡ್ತಾ ಕೂರ್ತಿದ್ದೆ. ಬಹುಪಾಲು ನಿನ್ನ ಮನೆ ಫೋಟೋಗಳನ್ನೇ. ಎಣ್ಣೆ ಇದ್ದ ಕಡೆ ಪ್ರೈಮರ್ ಕಚ್ಚಲ್ಲ, ತಿನ್ನರ್ ಹಾಕಿ ಮೂರು ಸಲ ಒರೆಸಿದೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೂ ಹೇಳಿಬಿಡ್ತೀನಿ. ನಿನ್ನ ಗೃಹಪ್ರವೇಶದ ದಿನ ನನಗೆ ಜ್ವರ ಇರಲಿಲ್ಲ. ನಿಮ್ಮ ಬೀದಿ ತಿರುವಿನವರೆಗೆ ಬಂದಿದ್ದೆ. ಶಾಮಿಯಾನ ಕಾಣಿಸ್ತು, ಬಾಳೆಕಂಬ ಕಾಣಿಸ್ತು, ಗೇಟಿನ ಹತ್ರ ಪಂಚೆ ಉಟ್ಕೊಂಡು ಎಲ್ಲರನ್ನೂ ಒಳಗೆ ಕರೀತಿದ್ದ ನೀನೂ ಕಾಣಿಸಿದೆ. ಒಂದೇ ಚಾಪೆಯಲ್ಲಿ ಮಲಗ್ತಿದ್ದವನು. ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯ್ತು ಕಣೋ. ಇವತ್ತಿಗೂ ನಾನು ಗೋಡೆಗೊಂದು ಮೊಳೆ ಹೊಡೀಬೇಕಾದ್ರೆ ಓನರಮ್ಮನ್ನ ಕೇಳ್ಬೇಕು. ಗಾಡಿ ತಿರುಗಿಸಿದೆ. ಆಮೇಲೆ, ಶೆಲ್ಫ್ ಮುಗಿದ್ರೆ ಅದನ್ನ ಇಡೋಕಾದ್ರೂ ಆ ಮನೆ ಒಳಗೆ ಬರಬೇಕಲ್ಲ, ಅದಕ್ಕೇ ಮುಗಿಸಲಿಲ್ಲ. ಸೋಮಾರಿತನ ಅಂತ ನನಗೆ ನಾನೇ ಹೇಳ್ಕೊಂಡು ಬಂದೆ.

ಸಾಕು. ಇಷ್ಟು ಬರೆಯೋ ಉದ್ದೇಶ ಇರಲಿಲ್ಲ, ತಿನ್ನರ್ ವಾಸನೆ ತಲೆಗೇರಿದೆ ಅಂದ್ಕೋ.

ಎರಡು ಕೋಟ್ ಬಿಳಿ ಎನಾಮೆಲ್ ಬಿದ್ದಿದೆ. ಗಂಟುಗಳಿಗೆ ಮೊದಲು ಸ್ಪಿರಿಟ್ಟಲ್ಲಿ ಕರಗಿಸಿದ ಅರಗು ಬಳೀರಿ ಅಂದಿದ್ರು, ಅವಸರಕ್ಕೆ ಬಿಟ್ಟೆ. ಪೈನಿನ ಅಂಟು ಸುಮ್ಮನೆ ಒಳಗಿರೋ ಗಿರಾಕಿಯಲ್ಲ. ಬಿಸಿಲು ತಾಗಿದ್ದೇ ಪ್ರೈಮರನ್ನೂ ಬಣ್ಣವನ್ನೂ ದಾಟಿ ಮೇಲೆ ಬಂತು. ಮೇಲ್ಹಲಗೆಯ ಮೂಲೆಯಲ್ಲಿ ಕಾಸಗಲದ ಹಳದಿ ಕಲೆ. ದೃಷ್ಟಿಬೊಟ್ಟು ಅಂದ್ಕೋ. ಕಣ್ಣು ಹಾಕಿದವನೇ ಇಟ್ಟಿದ್ದು, ಚೆನ್ನಾಗಿ ಕೆಲಸ ಮಾಡುತ್ತೆ.

ಭಾನುವಾರ ಟೆಂಪೋದಲ್ಲಿ ತರ್ತೀನಿ, ಬಾಡಿಗೆ ನಿಂದು. ಹೊಸಿಲು ದಾಟಿಸೋವಾಗ ಒಂದು ಕಡೆ ನೀನು ಹಿಡ್ಕೋ. ಉಪ್ಪಿಟ್ಟು ಮಾತ್ರ ಮಾಡಿಸಬೇಡ, ಕಾರಣ ನಿನಗೆ ಗೊತ್ತು.

ಇಂತಿ,
ಜ್ವರದವನು