ಬ್ಯಾಟರಿ ಎಷ್ಟು ದೊಡ್ಡದು ಅನ್ನೋದು ಆಮೇಲಿನ ಪ್ರಶ್ನೆ

ಸಂಪಾದಕರೇ,

ಗಾಡಿಯಲ್ಲೇ ಮಲಗಿ ಊರೂರು ಸುತ್ತುವವರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಹಾಸಿಗೆ, ಪರದೆ, ಸಾಮಾನು ಜೋಡಿಸುವ ಬಗೆ ಎಲ್ಲ ಚೆನ್ನಾಗಿ ಬಂದಿದೆ. ಆದರೆ ಕರೆಂಟಿನ ವಿಷಯಕ್ಕೆ ಬಂದಾಗ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. 200 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, 2000 ವ್ಯಾಟಿನ ಇನ್ವರ್ಟರ್ ಇದ್ದರೆ ಸಾಕು, ಮನೆಯಲ್ಲಿದ್ದ ಹಾಗೇ ಇರಬಹುದು ಅಂತ. ಈ ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವವರು ಇರ್ತಾರೆ ಅಲ್ವಾ, ಅವರಿಗೋಸ್ಕರ ಈ ಪತ್ರ. ನಾನೂ ವ್ಯಾನಿನಲ್ಲಿ ಮಲಗುವವನೇ. ಗೆಳೆಯರ ಗಾಡಿಗಳಿಗೆ ವೈರಿಂಗ್ ಮಾಡಿಕೊಡುವ ಚಟವೂ ಉಂಟು.

ಆ 200 ಎಎಚ್‌ನಿಂದಲೇ ಶುರು ಮಾಡುತ್ತೇನೆ. ಎಷ್ಟು ವೋಲ್ಟು ಅಂತ ಹೇಳದೆ ಎಎಚ್ ಒಂದನ್ನೇ ಹೇಳಿದರೆ ಅದು ಅರ್ಧ ಮಾತು. ಎರಡನ್ನೂ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ, ಅಂದರೆ ಒಳಗೆ ಒಟ್ಟು ಎಷ್ಟು ಶಕ್ತಿ ಇದೆ ಅನ್ನೋದು, ನಮಗೆ ಬೇಕಾದ್ದು ಅದು. 12 ವೋಲ್ಟಿನ 100 ಎಎಚ್ ಬ್ಯಾಟರಿಯಲ್ಲಿ 1200 ವ್ಯಾಟ್-ಅವರ್ ಇರುತ್ತದೆ. ಫೋನಿನ ಪವರ್ ಬ್ಯಾಂಕಿನ ಮೇಲೆ 20000 ಎಂಎಎಚ್ (1000 ಎಂಎಎಚ್ ಅಂದರೆ 1 ಎಎಚ್) ಅಂತ ಇರುತ್ತದಲ್ಲ, ಅದು 3.7 ವೋಲ್ಟಿನ ಲೆಕ್ಕ, ಹಾಗಾಗಿ ಒಳಗಿರುವುದು 74 ವ್ಯಾಟ್-ಅವರ್ ಅಷ್ಟೇ. ಸಣ್ಣ ಪವರ್ ಸ್ಟೇಷನ್ (ಬ್ಯಾಟರಿ, ಇನ್ವರ್ಟರ್ ಎಲ್ಲ ಸೇರಿಸಿದ ಪೆಟ್ಟಿಗೆ) ಮಾರುವವರು ಡಬ್ಬಿಯ ಮೇಲೆ 50000 ಎಂಎಎಚ್ ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರೆ, ನೋಡಿದವರಿಗೆ ಅಬ್ಬಾ ಅನ್ನಿಸಬೇಕು, ಆದರೆ ಗುಣಿಸಿ ನೋಡಿದರೆ ಬರುವುದು 185 ವ್ಯಾಟ್-ಅವರ್. ಸಾಮಾನ್ಯ ಕಾರಿನ ಬ್ಯಾಟರಿಯಲ್ಲೇ ಇದಕ್ಕಿಂತ ಜಾಸ್ತಿ ಇರುತ್ತದೆ. ಸುಳ್ಳು ಅಂತ ಹೇಳೋಕಾಗಲ್ಲ, ಬರೆದಿದ್ದು ಸರಿಯಾಗೇ ಇದೆ, ಆದರೆ ಬೇಕೆಂದೇ ದೊಡ್ಡದಾಗಿ ಕಾಣುವ ಸಂಖ್ಯೆಯನ್ನು ಆರಿಸಿಕೊಂಡಿದ್ದಾರೆ.

ಈಗ ಖರ್ಚಿನ ಕಡೆ ಬನ್ನಿ. ಐದು ವ್ಯಾಟಿನ ಎಲ್‌ಇಡಿ ದೀಪ ಸಂಜೆಯಿಂದ ಐದು ಗಂಟೆ ಉರಿದರೆ 25 ವ್ಯಾಟ್-ಅವರ್. ಬ್ಯಾಟರಿಯ ಡಿಸಿ ಕರೆಂಟಿನಿಂದ ನೇರ ಓಡುವ 20 ವ್ಯಾಟಿನ ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 160. ಎರಡು ಫೋನಿಗೆ ಒಟ್ಟು 30 ಇಟ್ಟುಕೊಳ್ಳಿ, ಲ್ಯಾಪ್‌ಟಾಪಿಗೆ ಒಂದು ಸಲ 60. ಎಲ್ಲ ಸೇರಿ 275. ಇದಕ್ಕೆ ಕಂಪ್ರೆಸರ್ ಇರುವ 12 ವೋಲ್ಟಿನ ಒಂದು ಸಣ್ಣ ಫ್ರಿಜ್ ಸೇರಿಸಿ. ಓಡುವಾಗ ಸುಮಾರು 45 ವ್ಯಾಟ್ ಎಳೆಯುತ್ತದೆ, ಸೆಖೆಗಾಲದಲ್ಲಿ ದಿನದ ಅರ್ಧ ಹೊತ್ತು ಓಡುತ್ತದೆ ಅಂದುಕೊಂಡರೆ ಅದೊಂದೇ 540. ಅಂದರೆ ಒಟ್ಟು 815ರಲ್ಲಿ ಮೂರನೇ ಎರಡು ಪಾಲು ಫ್ರಿಜ್ಜಿನದೇ. ಯಾವ ಬ್ಯಾಟರಿ ತಗೊಳ್ಳಲಿ ಅಂತ ಕೇಳುವವರಿಗೆಲ್ಲ ನಾನು ಮೊದಲು ಕೇಳೋದು ಫ್ರಿಜ್ ಬೇಕಾ ಅಂತಲೇ. ಬೇಡ ಅಂದರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ. ಬೇಕು ಅಂದರೆ ಕಂಪ್ರೆಸರ್ ಇರುವುದನ್ನೇ ತಗೊಳ್ಳಿ. ಕಡಿಮೆ ದುಡ್ಡಿಗೆ ಸಿಗುವ, ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಕೂಲರ್ ಸುಮಾರು 50 ವ್ಯಾಟನ್ನು ಬಿಡುವಿಲ್ಲದೆ ಎಳೆಯುತ್ತದೆ, ದಿನಕ್ಕೆ 1200 ವ್ಯಾಟ್-ಅವರ್ ನುಂಗಿ, ಹೊರಗಿನ ಬಿಸಿಗಿಂತ ಇಪ್ಪತ್ತು ಡಿಗ್ರಿ ಆಸುಪಾಸು ಕೆಳಗೆ ಇಳಿಸಿದರೆ ಅದೇ ದೊಡ್ಡದು.

ಬಿಸಿ ಮಾಡುವ ಯಾವ ಸಾಮಾನನ್ನೂ ಬ್ಯಾಟರಿಯಿಂದ ನಡೆಸೋಕೆ ಹೋಗಬೇಡಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಒಂದು ಲೀಟರ್ ನೀರು ಕುದಿಸೋಕೆ ಸುಮಾರು 100 ವ್ಯಾಟ್-ಅವರ್ ಬೇಕು, ಯಾವ ಕಂಪನಿಯ ಕೆಟಲ್ ತಂದರೂ ಇದು ಬದಲಾಗಲ್ಲ. ಅಷ್ಟರಲ್ಲಿ ಆ ಐದು ವ್ಯಾಟಿನ ದೀಪ ಇಪ್ಪತ್ತು ಗಂಟೆ ಉರಿಯುತ್ತದೆ. ಇಂಡಕ್ಷನ್ ಒಲೆ, ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆ ಎಲ್ಲ ಇದೇ ಜಾತಿ. ಸಣ್ಣ ಗ್ಯಾಸ್ ಒಲೆ ಇಟ್ಟುಕೊಳ್ಳಿ, ಅದನ್ನು ಗಾಡಿಯ ಹೊರಗೆ ಹಚ್ಚಿ. ಒಳಗೆ ಹಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ.

ಲೇಖನದ 2000 ವ್ಯಾಟಿನ ಇನ್ವರ್ಟರ್ ಬಗ್ಗೆ ನನ್ನ ತಕರಾರು ಶುರುವಾಗೋದೇ ಇಲ್ಲಿ. ಅದನ್ನು ಪೂರ್ತಿ ಓಡಿಸಬೇಕಾದರೆ 12 ವೋಲ್ಟಿನ ಬ್ಯಾಟರಿಯಿಂದ 180 ಆಂಪಿಯರ್‌ಗಿಂತ ಜಾಸ್ತಿ ಎಳೆಯಬೇಕು. ಲೆಡ್ ಆಸಿಡ್ ಬ್ಯಾಟರಿಯ ಮೇಲೆ ಬರೆದ ಎಎಚ್ ಸಾಮಾನ್ಯವಾಗಿ 20 ಗಂಟೆಯ ಲೆಕ್ಕದ್ದು, ಸಿ20 ಅಂತ ಅಲ್ಲೇ ಸಣ್ಣದಾಗಿ ಬರೆದಿರುತ್ತಾರೆ. 200 ಎಎಚ್ ಅಂದರೆ 20 ಗಂಟೆ ಕಾಲ 10 ಆಂಪಿಯರ್‌ನಂತೆ ನಿಧಾನಕ್ಕೆ ಎಳೆದರೆ ಮಾತ್ರ ಅಷ್ಟು ಸಿಗುತ್ತದೆ. ಜೋರಾಗಿ ಎಳೆದಷ್ಟೂ ಕೈಗೆ ಸಿಗುವುದು ಕಡಿಮೆಯಾಗುತ್ತದೆ. ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ ಇದಕ್ಕೆ 1897ರಲ್ಲೇ ಸೂತ್ರ ಬರೆದಿಟ್ಟಿದ್ದಾನೆ. 180 ಆಂಪಿಯರ್ ಎಳೆದರೆ ಆ ಬ್ಯಾಟರಿ ಅರ್ಧ ಗಂಟೆ ಆಸುಪಾಸಿನಲ್ಲಿ ಮಲಗುತ್ತದೆ. ಲಿಥಿಯಂ ಆದರೆ ಈ ತೊಂದರೆ ಕಡಿಮೆ, ಆದರೆ ಅಲ್ಲಿ ಬೇರೆ ಕೊಕ್ಕೆ ಇದೆ. ಅದರೊಳಗೆ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ 100 ಆಂಪಿಯರ್‌ಗೆ ಮಿತಿ ಹಾಕಿದ್ದರೆ (ಇದರ ವೋಲ್ಟು 12.8) 1280 ವ್ಯಾಟ್ ದಾಟುತ್ತಿದ್ದ ಹಾಗೆ ಬ್ಯಾಟರಿಯ ಸಂಪರ್ಕವನ್ನೇ ಕಡಿದು ಹಾಕುತ್ತದೆ. ಇನ್ವರ್ಟರ್ ಮೇಲೆ 2000 ಅಂತ ಬರೆದಿದ್ದು ಬರೆದ ಹಾಗೇ ಇರುತ್ತದೆ, ನೀವು ಕತ್ತಲಲ್ಲಿ ಕೂತಿರುತ್ತೀರಿ.

ಇನ್ನೊಂದು ವಿಷಯ ಯಾರೂ ಹೇಳೋದೇ ಇಲ್ಲ. ಇನ್ವರ್ಟರಿಗೆ ಏನೂ ಹಾಕದೆ ಸುಮ್ನೆ ಆನ್ ಮಾಡಿಟ್ಟರೂ ಅದು ತಾನೇ ಕರೆಂಟ್ ತಿನ್ನುತ್ತದೆ. ದೊಡ್ಡದಾದರೆ 15-20 ವ್ಯಾಟ್ ಸಾಮಾನ್ಯ. ಹದಿನೈದೇ ಅಂದುಕೊಂಡರೂ ಇಡೀ ದಿನಕ್ಕೆ 360 ವ್ಯಾಟ್-ಅವರ್, ಅಂದರೆ ಮೇಲೆ ಹೇಳಿದ ದೀಪ, ಫ್ಯಾನು, ಫೋನು, ಲ್ಯಾಪ್‌ಟಾಪ್ ಎಲ್ಲ ಸೇರಿದರೂ ಇಷ್ಟಾಗಲಿಲ್ಲ! ಹಾಗಾಗಿ ಫೋನು, ಫ್ಯಾನು, ದೀಪ, ಫ್ರಿಜ್ ಎಲ್ಲವನ್ನೂ ನೇರವಾಗಿ 12 ವೋಲ್ಟಿನಿಂದಲೇ ನಡೆಸಿ. ಈಗ ಬಹಳ ಲ್ಯಾಪ್‌ಟಾಪ್‌ಗಳೂ ಯುಎಸ್‌ಬಿ-ಸಿ ಚಾರ್ಜರಿನಿಂದ ತುಂಬುತ್ತವೆ. ಆಮೇಲೂ ಇನ್ವರ್ಟರ್ ಬೇಕೇ ಬೇಕು ಅನ್ನಿಸಿದರೆ 300 ವ್ಯಾಟಿನದ್ದು ಸಾಕು, ಮನೆ ಕರೆಂಟಿನ ಹಾಗೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇರಲಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಬ್ಯಾಟರಿಯ ಜಾತಿಗೆ ಬರೋಣ. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದಲೇ ರಾತ್ರಿಯಿಡೀ ಫ್ಯಾನು ಓಡಿಸುವ ಯೋಚನೆ ಬೇಡ. ಅದರ ಪ್ಲೇಟುಗಳು ತೆಳು, ಒಂದೆರಡು ಸೆಕೆಂಡು ಜೋರಾಗಿ ಕೊಡುವುದಕ್ಕೇ ಮಾಡಿದ್ದು, ಕೆಲವೇ ಸಲ ತಳದವರೆಗೆ ಇಳಿಸಿದರೆ ಹಾಳಾಗುತ್ತದೆ. ಅದೂ ಅಲ್ಲದೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಬೇಡವೇ? ಪದೇ ಪದೇ ಇಳಿಸಿ ತುಂಬೋಕೆಂದೇ ಮಾಡಿದ ಡೀಪ್ ಸೈಕಲ್ ಲೆಡ್ ಆಸಿಡ್ ದಪ್ಪ ಪ್ಲೇಟಿನದು, ತಡೆದುಕೊಳ್ಳುತ್ತದೆ, ಆದರೂ ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಒಳ್ಳೆಯದು. ಹಾಗಾಗಿ 1200 ವ್ಯಾಟ್-ಅವರ್ ಅಂತ ಕೊಂಡದ್ದರಲ್ಲಿ ನಿಮ್ಮದು 600. ಅದಕ್ಕೆ ಇನ್ನೊಂದು ಚಾಳಿ, ಪೂರ್ತಿ ತುಂಬಬೇಕು, ಅರ್ಧಂಬರ್ಧ ತುಂಬಿ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಕೊನೆಯ ಕಾಲು ಭಾಗ ತುಂಬೋಕೆ ಗಂಟೆಗಟ್ಟಲೆ ಬೇಕು. ಇವತ್ತು ಇಲ್ಲಿ, ನಾಳೆ ಅಲ್ಲಿ ಅಂತ ಓಡಾಡುವವರಿಗೆ ಅಷ್ಟು ವ್ಯವಧಾನ ಎಲ್ಲಿ?

ಎಲ್‌ಎಫ್‌ಪಿ ಎನ್ನುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಲ್ಲಿ ಸಲೀಸಾಗಿ ಗೆಲ್ಲುತ್ತದೆ. 12.8 ವೋಲ್ಟು, 100 ಎಎಚ್‌ನದ್ದು ಹನ್ನೆರಡು ಕಿಲೋ ಆಸುಪಾಸು ತೂಗುತ್ತದೆ, ಲೆಡ್ ಆಸಿಡ್ ಅದರ ಎರಡು ಪಟ್ಟಿಗೂ ಜಾಸ್ತಿ. ಒಳಗಿರುವುದರಲ್ಲಿ ನೂರಕ್ಕೆ 80-90 ಭಾಗ ಬಳಸಬಹುದು, ಸಾವಿರಾರು ಸಲ ತುಂಬಿ ಖಾಲಿ ಮಾಡಬಹುದು, ಅರ್ಧ ತುಂಬಿ ಬಿಟ್ಟರೆ ಮುನಿಸಿಲ್ಲ. ಫೋನು, ಲ್ಯಾಪ್‌ಟಾಪಿನ ಲಿಥಿಯಂಗಿಂತ ಇದು ಬೆಂಕಿಯ ವಿಷಯದಲ್ಲೂ ಸಮಾಧಾನದ್ದು. (ಇದನ್ನು ಲೋಕಕ್ಕೆ ತೋರಿಸಿಕೊಟ್ಟ 1997ರ ಪ್ರಬಂಧ ಬರೆದವರ ಹೆಸರು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ನೊಬೆಲ್ ಬಂದ ಗುಡ್‌ಇನಫ್ ಹೆಸರು ಎಲ್ಲರಿಗೂ ಗೊತ್ತು, ಮಿಕ್ಕವರನ್ನು ಯಾರೂ ನೆನೆಯುವುದಿಲ್ಲ.) ಎರಡು ಎಚ್ಚರಿಕೆ ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಇದನ್ನು ಚಾರ್ಜ್ ಮಾಡಬಾರದು, ಬಳಸಬಹುದು. ಹಿಮ ಬೀಳುವ ಕಡೆ ಹೋಗುವವರು ಚಳಿಯಲ್ಲಿ ಚಾರ್ಜಿಂಗ್ ತಾನೇ ನಿಲ್ಲಿಸುವ ಬಿಎಂಎಸ್ ಇದೆಯೇ ಅಂತ ಕೇಳಿಯೇ ಕೊಳ್ಳಬೇಕು. ಎರಡನೆಯದು, ಲೆಡ್ ಆಸಿಡ್ ಆದರೆ ಸ್ವಲ್ಪ ಹೊತ್ತು ಬಿಟ್ಟು ವೋಲ್ಟ್ ನೋಡಿ ಅಂದಾಜು ಮಾಡಬಹುದು, 12.7 ಅಂದರೆ ತುಂಬಿದೆ, 12.1 ಅಂದರೆ ಅರ್ಧ ಮುಗಿದಿದೆ ಅಂತ. ಎಲ್‌ಎಫ್‌ಪಿಯಲ್ಲಿ ಆ ಆಟ ನಡೆಯಲ್ಲ, ಕೊನೆಯವರೆಗೂ ವೋಲ್ಟು ಹೆಚ್ಚುಕಮ್ಮಿ ಒಂದೇ ಕಡೆ ನಿಂತಿರುತ್ತದೆ, ಆಮೇಲೆ ದಿಢೀರನೆ ಬೀಳುತ್ತದೆ. ಬ್ಯಾಟರಿಯಿಂದ ಹೋದ, ಅದಕ್ಕೆ ಬಂದ ಕರೆಂಟ್ ಎಣಿಸುವ ಶಂಟ್ ಇರುವ ಮೀಟರ್ ಹಾಕಿಸಿಕೊಳ್ಳಿ.

ವರ್ಷಕ್ಕೆ ಒಂದೋ ಎರಡೋ ಸಲ, ಒಂದು ರಾತ್ರಿಯ ಮಟ್ಟಿಗೆ ಹೋಗುವವರಿಗೆ ಇದು ಯಾವುದೂ ಬೇಡ. ಎಲ್ಲ ಒಂದೇ ಪೆಟ್ಟಿಗೆಯಲ್ಲಿರುವ 500 ವ್ಯಾಟ್-ಅವರ್ ಪವರ್ ಸ್ಟೇಷನ್ ತಗೊಂಡು ಆರಾಮಾಗಿರಿ. ಒಳಗಿನ ಒಂದು ಭಾಗ ಕೆಟ್ಟರೆ ಇಡೀ ಪೆಟ್ಟಿಗೆ ಮೂಲೆ ಸೇರುತ್ತದೆ, ಅದೊಂದೇ ಬೇಜಾರು.

ಕೊಡ ಎಷ್ಟು ದೊಡ್ಡದಿದ್ದರೇನು, ನಲ್ಲಿಯಲ್ಲಿ ನೀರು ಬರಬೇಕಲ್ಲ. ಲೇಖನದಲ್ಲಿ ಚಾರ್ಜಿಂಗ್ ಮಾತೇ ಇಲ್ಲ. ಗಾಡಿಯ 12 ವೋಲ್ಟಿನ ಸಾಕೆಟ್ಟಿಗೆ ಸಾಮಾನ್ಯವಾಗಿ 10-15 ಆಂಪಿಯರಿನ ಫ್ಯೂಸ್ ಇರುತ್ತದೆ, ಅದರಿಂದ ನೂರು ವ್ಯಾಟಿನ ಆಸುಪಾಸು ತುಂಬಬಹುದು. ಆ 815 ವ್ಯಾಟ್-ಅವರ್ ವಾಪಸ್ ತುಂಬೋಕೆ ಎಂಟು ಗಂಟೆಗೂ ಜಾಸ್ತಿ ಗಾಡಿ ಓಡಿಸಬೇಕು. ಗಾಡಿಯ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ತುಂಬುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿದರೆ ಎರಡು ಗಂಟೆ ಚಿಲ್ಲರೆಯಲ್ಲಿ ಕೆಲಸ ಮುಗಿಯುತ್ತದೆ. ದಿನಾ ಸ್ವಲ್ಪ ಓಡಾಡುವವರಿಗೆ ಸೋಲಾರ್‌ಗಿಂತ ಇದೇ ಮೊದಲು ಬೇಕಾದ ಸಾಮಾನು ಅಂತ ನನ್ನ ಲೆಕ್ಕ. ಲಿಥಿಯಂ ಬ್ಯಾಟರಿಯನ್ನು ಆಲ್ಟರ್ನೇಟರಿಗೆ (ಎಂಜಿನ್ ತಿರುಗಿಸುವ ಕರೆಂಟ್ ಯಂತ್ರಕ್ಕೆ) ನೇರವಾಗಿ ಮಾತ್ರ ಜೋಡಿಸಬೇಡಿ. ಖಾಲಿಯಾದ ಲಿಥಿಯಂ ಕೊಟ್ಟಷ್ಟನ್ನೂ ಎಳೆದುಕೊಳ್ಳುತ್ತದೆ, ಗಾಡಿ ನಿಂತಲ್ಲೇ ಎಂಜಿನ್ ಓಡುತ್ತಿದ್ದರೆ ಆಲ್ಟರ್ನೇಟರಿಗೆ ಗಾಳಿಯೂ ಕಡಿಮೆ, ಸುಟ್ಟು ಹೋಗುವುದು ಅದೇ.

ಒಂದೇ ಕಡೆ ನಾಲ್ಕು ದಿನ ಟೆಂಟ್ ಹಾಕಿ ಕೂರುವವರಿಗೆ ಸೋಲಾರ್ ಬೇಕು. 100 ವ್ಯಾಟಿನ ಪ್ಯಾನೆಲ್ ಒಳ್ಳೆ ಬಿಸಿಲಿದ್ದ ದಿನ 300ರಿಂದ 400 ವ್ಯಾಟ್-ಅವರ್ ಕೊಟ್ಟರೆ ಸಂತೋಷಪಡಿ. ಗಾಡಿಯ ಮೇಲೆ ಮಟ್ಟಸವಾಗಿ ಮಲಗಿಸಿದ ಪ್ಯಾನೆಲ್‌ಗೆ ಬಿಸಿಲು ನೇರ ಬೀಳಲ್ಲ, ಕಾದಷ್ಟೂ ಅದರ ಕೆಲಸ ಕುಗ್ಗುತ್ತದೆ, ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಕರೆಂಟ್ ಸಿಕ್ಕಾಪಟ್ಟೆ ಇಳಿಯುತ್ತದೆ. ಗಾಡಿಗೆ ನೆರಳು ಬೇಕು, ಪ್ಯಾನೆಲ್‌ಗೆ ಬಿಸಿಲು ಬೇಕು. ಹಾಗಾಗಿ ಉದ್ದ ವೈರಿನ ಮಡಚುವ ಪ್ಯಾನೆಲ್ ನನಗೆ ಇಷ್ಟ. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವಿನ ಚಾರ್ಜ್ ಕಂಟ್ರೋಲರ್ ಎಂಪಿಪಿಟಿ ಬಗೆಯದು ಇರಲಿ, ಪ್ಯಾನೆಲ್ ಕೊಡುವಷ್ಟನ್ನು ಅದು ಹೆಚ್ಚುಕಮ್ಮಿ ಪೂರ್ತಿ ತೆಗೆಯುತ್ತದೆ. ಪಿಡಬ್ಲ್ಯುಎಂ ಎಂಬ ಸಾದಾ ಬಗೆಯದಾದರೆ 18 ವೋಲ್ಟಿನ ಪ್ಯಾನೆಲ್ಲನ್ನು ಬ್ಯಾಟರಿಯ ವೋಲ್ಟಿಗೆ ಎಳೆದು ಕಾಲು ಭಾಗ ಹಾಳು ಮಾಡುತ್ತದೆ.

ಕೊನೆಗೆ, ನಾನು ಪೆನ್ನು ಹಿಡಿಯೋಕೆ ನಿಜವಾದ ಕಾರಣ ಲೇಖನದ ಜೊತೆ ಹಾಕಿದ ಚಿತ್ರ. ಅದರಲ್ಲಿ ಹಾಸಿಗೆಯ ಪಕ್ಕ ಬ್ಯಾಟರಿ ಇದೆ, ಟರ್ಮಿನಲ್ಲುಗಳ ಮೇಲೆ ಮುಚ್ಚಳ ಇಲ್ಲ, ಬ್ಯಾಟರಿಯಿಂದ ಇನ್ವರ್ಟರಿಗೆ ಹೋದ ವೈರಿನಲ್ಲಿ ಫ್ಯೂಸೇ ಕಾಣಿಸಲಿಲ್ಲ. ಫ್ಯೂಸ್ ಇರುವುದು ವೈರನ್ನು ಕಾಪಾಡೋಕೆ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಕ್ಷಣದಲ್ಲಿ ಸಾವಿರಾರು ಆಂಪಿಯರ್ ಹರಿಯಬಹುದು, ವೈರು ಕೆಂಪಗೆ ಕಾದು ಪಕ್ಕದ ಹಾಸಿಗೆಗೆ ಬೆಂಕಿ ಹತ್ತೋಕೆ ಹೆಚ್ಚು ಹೊತ್ತು ಬೇಕಾಗಲ್ಲ. ಫ್ಯೂಸ್ ಬ್ಯಾಟರಿಯ ಪಾಸಿಟಿವ್‌ಗೆ ಆದಷ್ಟು ಹತ್ತಿರ, ಒಂದು ಗೇಣಿನ ಒಳಗೆ ಇರಬೇಕು. ಮನೆಯ ಎಸಿ ಸ್ವಿಚ್ಚು, ಎಂಸಿಬಿ ಇಲ್ಲಿಗೆ ಹಾಕಬಾರದು. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನೇ ಆರುತ್ತದೆ, ಡಿಸಿಯಲ್ಲಿ ಹಾಗೆ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಹಿಡಿದುಕೊಂಡೇ ಇರಬಹುದು. ವೈರಿನ ದಪ್ಪವೂ ಅಷ್ಟೇ ಮುಖ್ಯ. ಐದು ಮೀಟರ್ ದೂರದ ಫ್ರಿಜ್ಜಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರು ಎಳೆದು 10 ಆಂಪಿಯರ್ ಹರಿಸಿದರೆ ಹೋಗಿ ಬರುವ ದಾರಿಯಲ್ಲೇ 0.7 ವೋಲ್ಟು ಕಳೆದುಹೋಗುತ್ತದೆ, ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಫ್ರಿಜ್ ಖಾಲಿ ಅಂದುಕೊಂಡು ನಿಂತುಬಿಡುತ್ತದೆ. 6 ಚದರ ಮಿಲಿಮೀಟರ್ ಹಾಕಿದರೆ 0.3ಕ್ಕೆ ಇಳಿಯುತ್ತದೆ.

ದಯವಿಟ್ಟು ಮುಂದಿನ ವಾರದ ಪುರವಣಿಯಲ್ಲಿ ಆ ಚಿತ್ರಕ್ಕೆ ಒಂದು ತಿದ್ದುಪಡಿ ಹಾಕಿ. ಫ್ಯೂಸ್ ಇಲ್ಲದೆ ಹೀಗೆ ಜೋಡಿಸಬಾರದು ಅನ್ನುವ ಒಂದು ಸಾಲು ಸಾಕು. ಇನ್ನು ಮುಂದೆ ಇಂಥ ಸಾಮಾನಿನ ಬಗ್ಗೆ ಬರೆಯುವಾಗ ಎಎಚ್ ಜೊತೆಗೆ ವ್ಯಾಟ್-ಅವರ್ ಕೂಡ ಹಾಕಿ, ಜಾಹೀರಾತು ಕೊಡುವವರಿಗೂ ಅದನ್ನೇ ಕೇಳಿ.

ಇಂತಿ,
ನಿಮ್ಮ ಪುರವಣಿಯ ಒಬ್ಬ ಓದುಗ