ಹಡಗು ಹತ್ತಿ ಇತಿಹಾಸ ಬರೆದವರು: ಕಾರವಾರದ ಗೆಳೆಯನಿಗೊಂದು ಪತ್ರ

ವಿಜಯಪುರ

ಪ್ರೀತಿಯ ದೋಸ್ತ,

ಆರಾಮ ಇದ್ದೀಯಾ? ನೀನು ದಿನಾ ಸಮುದ್ರ ನೋಡುತ್ತೀಯ. ನಾನು ಇಲ್ಲಿ ಒಣ ನೆಲದಲ್ಲಿ ಕೂತು ಸಮುದ್ರದ ಕಥೆ ಬರೆದವರೊಬ್ಬರ ಹಿಂದೆ ಬಿದ್ದಿದ್ದೇನೆ. ಸ್ಯಾಮ್ಯುಯೆಲ್ ಎಲಿಯಟ್ ಮಾರಿಸನ್. ಬಾಸ್ಟನ್‌ನವರು, ಹುಟ್ಟಿದ್ದು 1887ರಲ್ಲಿ. ಹಾರ್ವರ್ಡ್‌ನಲ್ಲಿ ಇತಿಹಾಸದ ಪ್ರೊಫೆಸರ್.

ಕೊಲಂಬಸ್ ಬಗ್ಗೆ ಬರೆಯಲು ಹೊರಟಾಗ ಇವರಿಗೆ ಲೈಬ್ರರಿ ಸಾಕಾಗಲಿಲ್ಲ. 1939ರಲ್ಲಿ ಹಾಯಿಹಡಗು ಹತ್ತಿ, ಕೊಲಂಬಸ್ ಓಡಾಡಿದ ನೀರಿನಲ್ಲೇ ಅಟ್ಲಾಂಟಿಕ್ ಸುತ್ತಿ ಬಂದರು. ಆಮೇಲೆ ಬರೆದ ಪುಸ್ತಕಕ್ಕೆ 1943ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು.

ನನ್ನನ್ನು ಹಿಡಿದು ಕೂರಿಸಿದ್ದು ದಾರಿಯ ಲೆಕ್ಕ. ಕೊಲಂಬಸ್ ನಕ್ಷತ್ರಗಳಿಗಿಂತ ಜಾಸ್ತಿ ನಂಬಿದ್ದು ಅಂದಾಜನ್ನು ಅನ್ನುತ್ತಾರೆ ಮಾರಿಸನ್. ದಿಕ್ಕಿಗೆ ದಿಕ್ಸೂಚಿ. ವೇಗಕ್ಕೆ ಕಣ್ಣಳತೆ. ಹೊತ್ತಿಗೆ ಮರಳಿನ ಗಡಿಯಾರ. ಅರ್ಧ ಗಂಟೆಗೊಮ್ಮೆ ಹಡಗಿನ ಹುಡುಗ ಅದನ್ನು ತಿರುವಿ ಇಡಬೇಕು. ನಿದ್ದೆಗಣ್ಣಲ್ಲಿ ತಡ ಮಾಡಿದರೆ ಲೆಕ್ಕ ತಪ್ಪಿತು. 1492ರ ಸೆಪ್ಟೆಂಬರ್ 6ರಂದು ಕ್ಯಾನರಿ ದ್ವೀಪ ಬಿಟ್ಟವರು ಅಕ್ಟೋಬರ್ 12ರಂದು ನೆಲ ಕಂಡರು. ಅಷ್ಟೂ ದಿನ ಇದೇ ಲೆಕ್ಕ!

ಮೊನ್ನೆ ಭಾನುವಾರ ನಾನೂ ನೋಡೋಣ ಅಂತ ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾ ಕಡೆ ಹೆಜ್ಜೆ ಎಣಿಸುತ್ತಾ ನಡೆದೆ. ಗಾಂಧಿ ಚೌಕದ ಹತ್ತಿರ ಪರಿಚಯದವರು ಮಾತಾಡಿಸಿದರು. ಎಣಿಕೆ ಅಲ್ಲಿಗೇ ಮರೆತುಹೋಯಿತು. ಎಲ್ಲಿಂದ ನೋಡಿದರೂ ಗುಮ್ಮಟ ಕಾಣುವ ಊರಲ್ಲಿ ನಾನು ದಾರಿ ತಪ್ಪಲಿಲ್ಲ. ನೀರಿನ ಮೇಲೆ ಅಂಥ ಗುರುತು ಎಲ್ಲಿರುತ್ತೆ?

ಮುಂದೆ ಎರಡನೇ ಮಹಾಯುದ್ಧಕ್ಕೆ ಅಮೆರಿಕವೂ ಇಳಿಯಿತು. ಎಲ್ಲಾ ಮುಗಿದ ಮೇಲೆ ಕಡತ ನೋಡಿ ಅದರ ಇತಿಹಾಸ ಬರೆಯೋದು ಮಾರಿಸನ್‌ಗೆ ಬೇಡವಾಗಿತ್ತು. ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನೇ ಕೇಳಿಕೊಂಡು 1942ರಲ್ಲಿ ನೌಕಾಪಡೆ ಸೇರಿದರು. ಆಗ ವಯಸ್ಸು 54, ದೋಸ್ತ! ಉತ್ತರ ಆಫ್ರಿಕಾದ ದಾಳಿ, ಸಾಲೊಮನ್ ದ್ವೀಪಗಳ ಕಾಳಗ, ಓಕಿನಾವಾ, ಎಲ್ಲಾ ಕಡೆ ಯುದ್ಧನೌಕೆಯ ಮೇಲೇ ಇದ್ದರು. ಆ ಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ಇತಿಹಾಸ 1947ರಿಂದ 1962ರವರೆಗೆ 15 ಸಂಪುಟಗಳಲ್ಲಿ ಬಂತು. ಎಲ್ಲಾ ಮಾತೂ ಒಪ್ಪುವಂಥದ್ದಲ್ಲ. ಆ ಯುದ್ಧದಲ್ಲಿ ಅಮೆರಿಕದ ಹಡಗುಪಡೆ ನಡೆಸಿದ ಅಡ್ಮಿರಲ್ ಫ್ಲೆಚರ್ ಬಗ್ಗೆ ಅವರು ಕಟುವಾಗಿ ಬರೆದದ್ದು ನ್ಯಾಯವಲ್ಲ ಅಂತ ಆಮೇಲಿನ ಇತಿಹಾಸಕಾರರು ಹೇಳಿದ್ದಾರೆ. ಆದರೂ ಆ ಬರವಣಿಗೆ ಸಾಮಾನ್ಯ ಓದುಗನ ಕೈ ಬಿಡುವುದಿಲ್ಲ.

ಇದನ್ನೆಲ್ಲ ಓದುವಾಗ ನಮ್ಮೂರೇ ನೆನಪಾಗುತ್ತೆ. 1510ರಲ್ಲಿ ಗೋವಾ ಇಲ್ಲಿಂದ ಆಳುತ್ತಿದ್ದ ಆದಿಲ್‌ಶಾಹಿಗಳ ಕೈತಪ್ಪಿ ಪೋರ್ಚುಗೀಸರ ಪಾಲಾಯಿತು. ಇಲ್ಲಿ ಮಲಿಕ್-ಎ-ಮೈದಾನ್ ತೋಪು ತೋರಿಸುವವರು ಬೇಕಾದಷ್ಟು ಜನ. ಆ ಕಾಲದ ಹಡಗುಗಳ ಮಾತೆತ್ತುವವರು ನನಗೆ ಸಿಕ್ಕಿಲ್ಲ. ನನಗೆ ಅದು ಬೇಕು.

ದೀಪಾವಳಿಗೆ ಬರುತ್ತೇನೆ. ದೋಣಿ ಹತ್ತಲೇಬೇಕು. ಅಷ್ಟರಲ್ಲಿ ವಯಸ್ಸಾದ ಮೀನುಗಾರರೊಬ್ಬರನ್ನು ಕೇಳಿಡು: ಜಿಪಿಎಸ್ ಇಲ್ಲದ ಕಾಲದಲ್ಲಿ, ಕತ್ತಲಲ್ಲಿ, ದಡ ಎಷ್ಟು ದೂರ ಅಂತ ಹೇಗೆ ತಿಳೀತಿತ್ತು?

ನಿನ್ನ ದೋಸ್ತ